ದಿವಾಳಿಗಿಂತ ಭಾರ ತೀರದ ಬಾಕಿ

ಸಾಲಗಾರನ ಪತ್ತು ಕೆಡುವುದಕ್ಕೆ ದಾರಿಗಳು ಹಲವು. ಕಂತು ತಪ್ಪಬಹುದು, ಬ್ಯಾಂಕಿನೊಂದಿಗೆ ಕಡಿಮೆ ಹಣಕ್ಕೆ ರಾಜಿಯಾಗಬಹುದು, ಅಡವಿಟ್ಟ ಮನೆ ಹರಾಜಾಗಬಹುದು, ಬ್ಯಾಂಕು ಸಾಲವನ್ನು ರೈಟ್ ಆಫ್ ಮಾಡಬಹುದು, ನ್ಯಾಯಾಲಯವೇ ಅವನನ್ನು ದಿವಾಳಿ ಎಂದು ಘೋಷಿಸಬಹುದು. ಇವೆಲ್ಲದರಲ್ಲಿ ದಿವಾಳಿಯೇ ಕಡೆಯದು, ಅದಾದ ಮೇಲೆ ಎಲ್ಲೂ ಸಾಲ ಹುಟ್ಟುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ಸಾಲದ ದಾಖಲೆಗಳನ್ನು ನೋಡಿದರೆ ಸಂಗತಿ ಬೇರೆಯೇ ಇದೆ. ಹಳೆಯ ಸಾಲ ಕಾಗದದ ಮೇಲೆ ಮುಗಿದಿದೆಯೋ ಇಲ್ಲವೋ ಎಂಬುದೇ ಪತ್ತಿನ ಚೇತರಿಕೆಯನ್ನು ಬಹುಪಾಲು ನಿರ್ಧರಿಸುತ್ತದೆ. ಬಿದ್ದ ಪೆಟ್ಟು ಎಷ್ಟು ಜೋರಿನದು ಎಂಬುದು ಆಮೇಲಿನ ಪ್ರಶ್ನೆ.

ದಿವಾಳಿ ಕಾನೂನು ಸಂಬಳದಾರರಿಗೂ ಸಣ್ಣ ವ್ಯಾಪಾರಿಗಳಿಗೂ ನಿಜವಾಗಿ ಕೈಗೆಟುಕಿರುವ ದೇಶ ಅಮೆರಿಕ. ಅಲ್ಲಿ 1978ರ ದಿವಾಳಿ ಸಂಹಿತೆಯಡಿ ವ್ಯಕ್ತಿಗಳು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಎರಡು. ಚಾಪ್ಟರ್ 7ರಲ್ಲಿ, ಕಾನೂನು ವಿನಾಯಿತಿ ಕೊಟ್ಟ ಆಸ್ತಿಯನ್ನು ಬಿಟ್ಟು ಉಳಿದದ್ದನ್ನು ಟ್ರಸ್ಟಿ ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಹೆಚ್ಚಿನ ಪ್ರಕರಣಗಳಲ್ಲಿ ಮಾರುವಂಥದ್ದು ಏನೂ ಇರುವುದಿಲ್ಲ. ಅರ್ಜಿ ಹಾಕಿ ಸುಮಾರು ನಾಲ್ಕು ತಿಂಗಳಿಗೆ ಬಿಡುಗಡೆಯ ಆದೇಶ ಕೈಸೇರುತ್ತದೆ. ಚಾಪ್ಟರ್ 13 ದುಡಿಮೆ ಇರುವವರಿಗೆ: 3ರಿಂದ 5 ವರ್ಷ ನ್ಯಾಯಾಲಯ ಒಪ್ಪಿದ ಯೋಜನೆಯಂತೆ ಹಣ ಕಟ್ಟಿದರೆ, ಉಳಿದ ಬಾಕಿ ಬಹುಮಟ್ಟಿಗೆ ರದ್ದಾಗುತ್ತದೆ. 2005ರ ತಿದ್ದುಪಡಿ ಚಾಪ್ಟರ್ 7ಕ್ಕೆ ಆದಾಯದ ಪರೀಕ್ಷೆಯನ್ನು ತಂದು ಬಾಗಿಲನ್ನು ಸ್ವಲ್ಪ ಕಿರಿದು ಮಾಡಿತು. ವಿಚ್ಛೇದಿತರು ಕೊಡಬೇಕಾದ ಜೀವನಾಂಶ, ಮಕ್ಕಳ ಪೋಷಣೆಯ ಹಣ, ಇತ್ತೀಚಿನ ತೆರಿಗೆ ಬಾಕಿ ಎರಡೂ ದಾರಿಗಳಲ್ಲಿ ಕರಗುವುದಿಲ್ಲ. ವಿದ್ಯಾರ್ಥಿ ಸಾಲವೂ ಬಲು ಅಪರೂಪಕ್ಕಷ್ಟೇ ಕರಗುತ್ತದೆ. ಅರ್ಜಿ ಹಾಕಲು ಪೌರತ್ವ ಬೇಕಿಲ್ಲ. ಆ ದೇಶದಲ್ಲಿ ವಾಸವೋ ವ್ಯವಹಾರವೋ ಆಸ್ತಿಯೋ ಇದ್ದರೆ ಸಾಕು ಎನ್ನುವುದರಿಂದ, ವೀಸಾದ ಮೇಲೆ ಅಲ್ಲಿ ದುಡಿಯುತ್ತಿರುವ ಕನ್ನಡಿಗರಿಗೂ ಈ ಬಾಗಿಲು ತೆರೆದೇ ಇದೆ.

ಅಮೆರಿಕದ 1970ರ ಕ್ರೆಡಿಟ್ ವರದಿ ಕಾಯ್ದೆಯ ಪ್ರಕಾರ ದಿವಾಳಿಯ ದಾಖಲೆ 10 ವರ್ಷ ಉಳಿಯಬಹುದು. ಚಾಪ್ಟರ್ 13 ಮುಗಿಸಿದವರ ದಾಖಲೆಯನ್ನು ವರದಿ ಸಂಸ್ಥೆಗಳು ತಾವಾಗಿಯೇ 7 ವರ್ಷಕ್ಕೆ ತೆಗೆದುಹಾಕುತ್ತವೆ. ತಪ್ಪಿದ ಕಂತು, ವಸೂಲಿ ಏಜೆನ್ಸಿಗೆ ಹೋದ ಖಾತೆ, ಮನೆ ಜಪ್ತಿ ಇವುಗಳಿಗೂ ಸುಮಾರು 7 ವರ್ಷ. ಇಷ್ಟನ್ನೇ ನೋಡಿದರೆ ಚಾಪ್ಟರ್ 7 ಎಲ್ಲಕ್ಕಿಂತ ಕೆಟ್ಟದ್ದು. ಆದರೆ ಮನೆ ಸಾಲದ ನಿಯಮಗಳು ಬೇರೆ ಮಾತು ಹೇಳುತ್ತವೆ. ಅಲ್ಲಿನ ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆ, ಮನೆ ಜಪ್ತಿಯಾದವರು ಹೊಸ ಮನೆ ಸಾಲಕ್ಕೆ ಬರಲು 7 ವರ್ಷ ಕಾಯಬೇಕು ಎನ್ನುತ್ತದೆ. ಚಾಪ್ಟರ್ 7ರಲ್ಲಿ ಬಿಡುಗಡೆ ಪಡೆದವರಿಗೆ ಇರುವುದು 4 ವರ್ಷ. ಬ್ಯಾಂಕಿನ ಒಪ್ಪಿಗೆಯಿಂದ ಬಾಕಿಗಿಂತ ಕಡಿಮೆ ಬೆಲೆಗೆ ಮನೆ ಮಾರಿದವರಿಗೂ ಅಷ್ಟೇ. ಚಾಪ್ಟರ್ 13 ಮುಗಿಸಿದವರಿಗೆ 2 ವರ್ಷ ಸಾಕು. ಅದೇ ಚಾಪ್ಟರ್ 13 ಅರ್ಧಕ್ಕೆ ನಿಂತು ವಜಾ ಆದರೆ ಮತ್ತೆ 4. ಸರ್ಕಾರದ ವಿಮೆಯಿರುವ ಎಫ್‌ಎಚ್‌ಎ ಸಾಲಗಳಲ್ಲಿ ಚಾಪ್ಟರ್ 7ಕ್ಕೆ 2 ವರ್ಷ, ಮನೆ ಜಪ್ತಿಗೆ 3.

ಈ ಅಂಕಿಗಳ ಹಿಂದೆ ಇರುವುದು ಕರುಣೆಯೇನಲ್ಲ, ಲೆಕ್ಕಾಚಾರ. ಬಿಡುಗಡೆ ಪಡೆದವರ ಹಳೆಯ ಖಾತೆಗಳ ಬಾಕಿಯನ್ನು ವರದಿಯಲ್ಲಿ ಸೊನ್ನೆ ಎಂದೇ ತೋರಿಸಬೇಕು. ಹಳೆಯ ಸಾಲ ಕೊಟ್ಟವರು ಅವರನ್ನು ಹಣ ಕೇಳುವುದನ್ನು ಸಂಹಿತೆ ನಿಷೇಧಿಸಿದೆ. ಜೊತೆಗೆ, ಒಮ್ಮೆ ಚಾಪ್ಟರ್ 7ರಲ್ಲಿ ಬಿಡುಗಡೆ ಪಡೆದವರಿಗೆ ಅದೇ ಬಾಗಿಲು ಮತ್ತೆ ತೆರೆಯುವುದು 8 ವರ್ಷದ ನಂತರ. ಹೊಸದಾಗಿ ಸಾಲ ಕೊಡುವವರ ಕಣ್ಣಿಗೆ ಇವರು ಹಳೆಯ ಹೊರೆಯೂ ಇಲ್ಲದ, ಸದ್ಯಕ್ಕೆ ಮತ್ತೆ ದಿವಾಳಿಗೆ ಹೋಗಲೂ ಆಗದ ಗಿರಾಕಿಗಳು. ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಹೆಚ್ಚು ಬಡ್ಡಿಯ ಕಾರ್ಡುಗಳ ಆಹ್ವಾನ ಅಂಚೆಯಲ್ಲಿ ಬರುವುದು ಇದೇ ಕಾರಣಕ್ಕೆ. ಸಾಲದಲ್ಲಿ ಮುಳುಗಿಯೂ ದಿವಾಳಿ ಅರ್ಜಿ ಹಾಕದೆ ಉಳಿದವರಿಗಿಂತ ಹಾಕಿದವರ ಕ್ರೆಡಿಟ್ ಸ್ಕೋರ್ ಬೇಗ ಮೇಲೇರುತ್ತದೆ ಎಂದು ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕ್ 2015ರಲ್ಲಿ ಹೊರತಂದ ಒಂದು ಸಂಶೋಧನಾ ಪ್ರಬಂಧವೂ ತೋರಿಸಿತು. ದಿವಾಳಿಗೆ ಹೆದರಿ ಕಡಿಮೆ ಹಣಕ್ಕೆ ರಾಜಿಯಾಗುವವರಿಗೆ ಅಲ್ಲಿ ಇನ್ನೊಂದು ತೊಡಕಿದೆ. ಬ್ಯಾಂಕ್ ಬಿಟ್ಟುಕೊಟ್ಟ ಹಣ 600 ಡಾಲರ್ ದಾಟಿದರೆ ಅದು ಸಾಮಾನ್ಯವಾಗಿ ಸಾಲಗಾರನ ಆದಾಯ ಎಂದು ತೆರಿಗೆ ಇಲಾಖೆಗೆ ವರದಿಯಾಗುತ್ತದೆ. ದಿವಾಳಿಯಲ್ಲಿ ರದ್ದಾದ ಸಾಲಕ್ಕೆ ಆ ತೆರಿಗೆ ಇಲ್ಲ.

ಭಾರತದಲ್ಲಿ ತೆರೆಯದ ಬಾಗಿಲು

ಭಾರತದ ಸಾಮಾನ್ಯ ಸಾಲಗಾರನಿಗೆ ಇಂಥ ದಾರಿ ಹೆಚ್ಚುಕಡಿಮೆ ಇಲ್ಲ. ವ್ಯಕ್ತಿಗಳ ದಿವಾಳಿಗೆ ಇಂದಿಗೂ ಆಧಾರ ಬ್ರಿಟಿಷರ ಕಾಲದ ಎರಡು ಕಾಯ್ದೆಗಳು: ಮೂರು ಪ್ರೆಸಿಡೆನ್ಸಿ ನಗರಗಳಿಗೆ 1909ರದು, ಉಳಿದ ಕಡೆಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಎರಡನೆಯದರ ಅಂಕಿಗಳನ್ನು ನೋಡಿದರೆ ಅದರ ವಯಸ್ಸು ತಿಳಿಯುತ್ತದೆ. 500 ರೂಪಾಯಿ ಸಾಲ ತೀರಿಸಲಾಗದವರು ನ್ಯಾಯಾಲಯಕ್ಕೆ ಹೋಗಬಹುದು. ದಿವಾಳಿಯೆಂದು ಘೋಷಿತರಾದವರು ಬಿಡುಗಡೆಗೆ ಮೊದಲು ಆ ವಿಷಯ ಮುಚ್ಚಿಟ್ಟು 50 ರೂಪಾಯಿ ಸಾಲ ಪಡೆದರೂ ಅಪರಾಧ. ಬಿಡುಗಡೆಯಾಗದ ದಿವಾಳಿಗಳು ಸಂಸದರೋ ಶಾಸಕರೋ ಆಗುವಂತಿಲ್ಲ ಎಂದು ಸಂವಿಧಾನದ 102 ಮತ್ತು 191ನೇ ವಿಧಿಗಳು ಹೇಳುತ್ತವೆ. ಅಂದರೆ ಕಳಂಕದ ಏರ್ಪಾಡು ಗಟ್ಟಿಯಾಗಿದೆ. ಬಿಡುಗಡೆಯಾದ ಸಾಲವನ್ನು ಕ್ರೆಡಿಟ್ ವರದಿಯಲ್ಲಿ ಹೇಗೆ ತೋರಿಸಬೇಕು ಎಂಬುದು ಮಾತ್ರ ಆ ಕಾಯ್ದೆಗೆ ಗೊತ್ತಿರಲು ಸಾಧ್ಯವೇ ಇಲ್ಲ, ದೇಶದ ಮೊದಲ ಕ್ರೆಡಿಟ್ ಮಾಹಿತಿ ಸಂಸ್ಥೆ ಸಿಬಿಲ್ ಹುಟ್ಟಿದ್ದೇ 2000ದಲ್ಲಿ.

2016ರ ಇನ್‌ಸಾಲ್ವೆನ್ಸಿ ಮತ್ತು ಬ್ಯಾಂಕ್ರಪ್ಟ್ಸಿ ಸಂಹಿತೆಯ ಮೂರನೇ ಭಾಗ ಈ ಹಳೆಯ ಕಾಯ್ದೆಗಳ ಜಾಗಕ್ಕೆ ಬರಬೇಕಿತ್ತು. ದಿವಾಳಿ ಪ್ರಕ್ರಿಯೆ ಶುರುವಾಗಿ ಒಂದು ವರ್ಷಕ್ಕೆ ಬಿಡುಗಡೆ, ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ವಿಚಾರಣೆ, ತೀರಾ ಬಡವರಿಗೆ ಬೇರೆಯದೇ ಒಂದು ‘ಹೊಸ ಆರಂಭ’ದ ಕ್ರಮ, ಇವೆಲ್ಲ ಅದರಲ್ಲಿವೆ. ವರ್ಷದ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರದ, ಸ್ವಂತ ಮನೆಯಿಲ್ಲದವರು ಈ ಕೊನೆಯದಕ್ಕೆ ಅರ್ಹರು. ಕಂಪನಿಗಳಿಗೆ ಸಂಬಂಧಿಸಿದ ಭಾಗ 2016ರ ಕೊನೆಗೇ ಜಾರಿಯಾಯಿತು. ವ್ಯಕ್ತಿಗಳ ವಿಷಯದಲ್ಲಿ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿ ಸಾಲಗಳಿಗೆ ವೈಯಕ್ತಿಕ ಜಾಮೀನು ನಿಂತವರಿಗೆ ಅನ್ವಯಿಸುವಷ್ಟು ಮಾತ್ರ. ಅದೂ ಬ್ಯಾಂಕುಗಳಿಗೆ ಪ್ರವರ್ತಕರ ಮೇಲೆ ಹಿಡಿತ ಸಿಗಲೆಂದು. ಸಂಬಳದಾರ, ಅಂಗಡಿಯವ, ಆಟೊ ಚಾಲಕ, ಆಸ್ಪತ್ರೆ ಬಿಲ್ಲಿಗೆ ಸಾಲ ಮಾಡಿದ ಗೃಹಿಣಿ, ಇವರಿಗೆಂದು ಬರೆದ ಅಧ್ಯಾಯ ಪುಸ್ತಕದಲ್ಲೇ ಉಳಿದಿದೆ. ಕಂಪನಿಗಳ ವೈಫಲ್ಯಕ್ಕೆ ಗೌರವದ ದಾರಿಯೊಂದನ್ನು ತೆರೆದು, ವ್ಯಕ್ತಿಗಳ ವೈಫಲ್ಯವನ್ನು ಫೋನು ಮಾಡುವ ವಸೂಲಿ ಏಜೆಂಟರ ಕೈಗೆ ಬಿಟ್ಟಿರುವುದು ಈ ಸಂಹಿತೆಯ ಜಾರಿಯಲ್ಲಿ ಕಾಣುವ ದೊಡ್ಡ ಕೊರತೆ.

ಹೀಗಾಗಿ ಇಲ್ಲಿ ಕೆಟ್ಟ ಸಾಲಗಳ ಹಣೆಬರಹ ಕ್ರೆಡಿಟ್ ವರದಿಯಲ್ಲಿ ಬರೆಯುವ ಒಂದೊಂದು ಪದದ ಮೇಲೆ ನಿಂತಿದೆ. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು 2005ರ ಕಾಯ್ದೆಯಡಿ ಈ ವರದಿ ಇಡುತ್ತವೆ. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಕಂತಿನ ದಿನ ತಪ್ಪಿ 30 ದಿನದೊಳಗಿದ್ದರೆ ಬ್ಯಾಂಕಿನ ಭಾಷೆಯಲ್ಲಿ ಎಸ್‌ಎಂಎ-0, 60ರೊಳಗೆ ಎಸ್‌ಎಂಎ-1, 90ರೊಳಗೆ ಎಸ್‌ಎಂಎ-2. ತೊಂಬತ್ತು ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಸಿಬಿಲ್ ವರದಿಯಲ್ಲಿ ಪ್ರತಿ ತಿಂಗಳ ಚೌಕದಲ್ಲಿ ಎಷ್ಟು ದಿನ ಬಾಕಿ ಎಂಬ ಅಂಕಿ ಇರುತ್ತದೆ. 36 ತಿಂಗಳ ಚೌಕಗಳು ಒಂದೇ ನೋಟಕ್ಕೆ ಕಾಣುತ್ತವೆ. ಎನ್‌ಪಿಎ ಆಗುವ ಮೊದಲೇ ಬಾಕಿ ಕಟ್ಟಿ ಸರಿಪಡಿಸಿಕೊಂಡವರ ಗಾಯ ಮಾಯುವುದು ಎಲ್ಲಕ್ಕಿಂತ ಬೇಗ. ಮೂರು ವರ್ಷದಲ್ಲಿ ಆ ಚೌಕಗಳೇ ಕಣ್ಣಿಂದ ಮರೆಯಾಗುತ್ತವೆ.

ಸೆಟಲ್‌ಮೆಂಟ್ ಮತ್ತು ರೈಟ್ ಆಫ್

ಸಾಲ ಕೈಮೀರಿದವರು ಹೆಚ್ಚಾಗಿ ಬಂದು ನಿಲ್ಲುವುದು ಒನ್ ಟೈಮ್ ಸೆಟಲ್‌ಮೆಂಟ್, ಅಂದರೆ ಒಟಿಎಸ್ ಎಂಬ ಜಾಗದಲ್ಲಿ. ಅಸಲು, ಬಡ್ಡಿ, ದಂಡ ಎಲ್ಲ ಸೇರಿ ಮೂರು ಲಕ್ಷ ಬಾಕಿ ಇದ್ದರೆ, ಒಂದೂವರೆ ಲಕ್ಷವನ್ನು ಒಮ್ಮೆಗೇ ಕಟ್ಟಿ ಕೈತೊಳೆದುಕೊಳ್ಳುವ ಒಪ್ಪಂದ. ಫೋನಿನಲ್ಲಿ ಮಾತನಾಡುವ ಏಜೆಂಟ್ ‘ಇಷ್ಟು ಕಟ್ಟಿ ಸರ್, ಖಾತೆ ಕ್ಲೋಸ್ ಆಗುತ್ತದೆ’ ಎನ್ನುತ್ತಾನೆ. ವರದಿಯಲ್ಲಿ ಬರುವ ಪದ ‘ಕ್ಲೋಸ್ಡ್’ ಅಲ್ಲ, ‘ಸೆಟಲ್ಡ್’. ಮುಂದೆ ಅದನ್ನು ಓದುವ ಪ್ರತಿ ಬ್ಯಾಂಕಿಗೂ, ಈ ವ್ಯಕ್ತಿಯಿಂದ ಹಿಂದೊಬ್ಬರಿಗೆ ನಷ್ಟವಾಗಿದೆ ಎಂಬ ಅರ್ಥ ಅದರಲ್ಲಿ ಸಿಗುತ್ತದೆ. ಲೋಕ ಅದಾಲತ್‌ನಲ್ಲಿ ಆದ ರಾಜಿಯೂ ಇದರಿಂದ ಪಾರಲ್ಲ. ಅದಾಲತ್ ವ್ಯಾಜ್ಯವನ್ನು ಮುಗಿಸುತ್ತದೆ, ಅದರ ತೀರ್ಪಿಗೆ ಮೇಲ್ಮನವಿಯೂ ಇಲ್ಲ. ಬ್ಯಾಂಕಿಗೆ ಬಂದ ಹಣ ಕಡಿಮೆಯಾಗಿದ್ದರೆ ದಾಖಲೆಯಲ್ಲಿ ಆ ಸಂಗತಿ ಉಳಿಯುತ್ತದೆ. 2023ರ ಜೂನ್ 8ರ ಆರ್‌ಬಿಐ ಸುತ್ತೋಲೆಯಂತೆ, ಕೃಷಿಯೇತರ ಸಾಲಗಳಲ್ಲಿ ಹೀಗೆ ರಾಜಿಯಾದವರಿಗೆ ಆ ಬ್ಯಾಂಕು ಮತ್ತೆ ಸಾಲ ಕೊಡಬೇಕಾದರೆ ಕನಿಷ್ಠ 12 ತಿಂಗಳು ಕಳೆಯಬೇಕು. ಬ್ಯಾಂಕಿನ ಮಂಡಳಿ ಬಯಸಿದರೆ ಇನ್ನೂ ಹೆಚ್ಚು.

ಅಷ್ಟಾದರೂ ಸೆಟಲ್‌ಮೆಂಟ್‌ಗೆ ಒಂದು ಗುಣವಿದೆ. ಅಲ್ಲಿಗೆ ಸಾಲ ನಿಲ್ಲುತ್ತದೆ, ಬಡ್ಡಿ ಬೆಳೆಯುವುದಿಲ್ಲ. ಬಿಟ್ಟ ಹಣವನ್ನೂ ಆಮೇಲೆ ಕಟ್ಟಿ ‘ಸೆಟಲ್ಡ್’ ಅನ್ನು ‘ಕ್ಲೋಸ್ಡ್’ ಮಾಡಿಸಿಕೊಳ್ಳಲು ಹಲವು ಬ್ಯಾಂಕುಗಳು ಒಪ್ಪುತ್ತವೆ. ಎರಡು ಮೂರು ವರ್ಷದಲ್ಲಿ ಮನೆ ಸಾಲ ಬೇಕಾಗಿರುವವರಿಗೆ, ಬಿಟ್ಟ ಮೊತ್ತ ಸಣ್ಣದಾಗಿದ್ದರೆ ಇದು ಲಾಭದ ವ್ಯವಹಾರ. ಉಳಿದವರು ಅದಕ್ಕಾಗಿ ಮತ್ತೊಂದು ಕೈಸಾಲ ಮಾಡುವುದರಲ್ಲಿ ಅರ್ಥವಿಲ್ಲ.

ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಓದಿಸಿಕೊಂಡಿರುವುದು ರೈಟ್ ಆಫ್. ಸಂಸತ್ತಿನಲ್ಲಿ ಬ್ಯಾಂಕುಗಳ ರೈಟ್ ಆಫ್ ಅಂಕಿ ಹೊರಬಿದ್ದಾಗಲೆಲ್ಲ ಉದ್ಯಮಿಗಳ ಸಾಲಮನ್ನಾ ಎಂಬ ಗಲಾಟೆ ಏಳುತ್ತದೆ. ಸಣ್ಣ ಸಾಲಗಾರನೂ ತನ್ನ ವರದಿಯಲ್ಲಿ ಆ ಪದ ಕಂಡು, ಪೀಡೆ ತೊಲಗಿತು ಎಂದುಕೊಳ್ಳುತ್ತಾನೆ. ರೈಟ್ ಆಫ್ ಎನ್ನುವುದು ಬ್ಯಾಂಕು ತನ್ನ ಲೆಕ್ಕದ ಪುಸ್ತಕಕ್ಕೆ ಮಾಡಿಕೊಳ್ಳುವ ಶುದ್ಧೀಕರಣ. ವಸೂಲಾಗದ ಸಾಲಕ್ಕೆ ಪೂರ್ತಿ ಹಣ ತೆಗೆದಿಟ್ಟಾದ ಮೇಲೆ ಅದನ್ನು ಆಸ್ತಿಗಳ ಪಟ್ಟಿಯಿಂದ ಇಳಿಸುತ್ತದೆ, ಅಷ್ಟೇ. ಸಾಲಗಾರನ ಹೊಣೆ ಒಂದು ಪೈಸೆಯೂ ಇಳಿಯುವುದಿಲ್ಲ. ವಸೂಲಿಯ ಕೆಲಸ ನಡೆಯುತ್ತಲೇ ಇರುತ್ತದೆ. ಹಲವು ಸಲ ಆ ಸಾಲವನ್ನು ಆಸ್ತಿ ಪುನರ್‌ರಚನಾ ಕಂಪನಿಗೆ ಮಾರಿ, ಹೊಸ ಹೆಸರಿನವರು ಬಂದು ಹಣ ಕೇಳುತ್ತಾರೆ. ದಾವೆ ಹೂಡಲು ಮೂರು ವರ್ಷದ ಕಾಲಮಿತಿ ಮುಗಿದರೂ ಸಾಲ ಸಾಯುವುದಿಲ್ಲ. ಕೋರ್ಟಿನ ದಾರಿ ಮುಚ್ಚಬಹುದು, ವರದಿಯ ಸಾಲು ಮಾತ್ರ ಹಾಗೆಯೇ ನಿಂತಿರುತ್ತದೆ.

ಅಮೆರಿಕಕ್ಕೂ ಭಾರತಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲೇ ಇದೆ. ಅಲ್ಲಿ 7 ವರ್ಷ ಎನ್ನುವುದು ಗರಿಷ್ಠ ಮಿತಿ. ಮೊದಲ ಕಂತು ತಪ್ಪಿದ ಹೊತ್ತಿನಿಂದಲೇ ಲೆಕ್ಕ ಶುರು, ಸಾಲ ತೀರಿದರೂ ತೀರದಿದ್ದರೂ ದಾಖಲೆ ಅಳಿಯಬೇಕು. ಇಲ್ಲಿನ ನಿಯಮದಲ್ಲಿ 7 ವರ್ಷ ಕನಿಷ್ಠ ಮಿತಿ: ಮಾಹಿತಿಯನ್ನು ಅಷ್ಟು ವರ್ಷವಾದರೂ ಇಟ್ಟುಕೊಂಡಿರಬೇಕು ಎಂದು ಕ್ರೆಡಿಟ್ ಸಂಸ್ಥೆಗಳಿಗೆ ಆದೇಶ. 2025ರ ಜನವರಿ 1ರಿಂದ ಸಾಲ ಕೊಟ್ಟ ಸಂಸ್ಥೆಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾಗಿದೆ. ತೀರದ ಸಾಲ ಆ ಪ್ರತಿ ಸಲವೂ ಹೊಸ ಬಾಕಿಯಂತೆ ಎದ್ದು ಬರಬಹುದು. 2017ರಲ್ಲಿ ಬಿಟ್ಟ ಕ್ರೆಡಿಟ್ ಕಾರ್ಡ್ ಬಿಲ್ಲು ಇವತ್ತಿನ ಮನೆ ಸಾಲದ ಅರ್ಜಿಗೆ ಅಡ್ಡ ಬರುವುದು ಹೀಗೆ. ಕಾಲವೇ ಎಲ್ಲ ಸರಿಮಾಡುತ್ತದೆ ಎಂದು ಕಾಯುವ ತಂತ್ರ ಅಮೆರಿಕದಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಮನೆಯನ್ನೇ ಕಳೆದುಕೊಂಡವರ ಸ್ಥಿತಿ ಹರಾಜಿನ ಬೆಲೆಯನ್ನು ಅವಲಂಬಿಸಿದೆ. 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು 60 ದಿನಗಳ ನೋಟಿಸ್ ಕೊಟ್ಟು, ಕೋರ್ಟಿಗೆ ದಾವೆ ಹಾಕದೆಯೇ ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ಕೃಷಿ ಭೂಮಿಗೆ ಇದು ಅನ್ವಯವಾಗುವುದಿಲ್ಲ. ಹರಾಜಿನ ಹಣ ಬಾಕಿಯನ್ನು ಪೂರ್ತಿ ತುಂಬಿಸಿದರೆ ಖಾತೆ ಮುಚ್ಚುತ್ತದೆ, ಹೆಚ್ಚಾಗಿದ್ದರೆ ಉಳಿದದ್ದು ಸಾಲಗಾರನಿಗೆ ಸೇರಬೇಕು. ಸಾಲದೆ ಬಂದರೆ ಮನೆಯೂ ಹೋಗಿ ಬಾಕಿಯೂ ಉಳಿಯುತ್ತದೆ. ಇಷ್ಟು ಕೆಟ್ಟ ಸ್ಥಿತಿಯಲ್ಲಿ ಅಮೆರಿಕದವನಾದರೆ ದಿವಾಳಿ ಅರ್ಜಿ ಹಾಕುತ್ತಿದ್ದ.

ಹಣವಿದ್ದೂ ಕಟ್ಟದವರದು ಬೇರೆ ವರ್ಗ. 25 ಲಕ್ಷ ಅಥವಾ ಅದಕ್ಕೂ ಹೆಚ್ಚು ಸಾಲ ಉಳಿಸಿಕೊಂಡವರನ್ನು ವಿಚಾರಣೆ ನಡೆಸಿ ಉದ್ದೇಶಪೂರ್ವಕ ಸುಸ್ತಿದಾರರೆಂದು ಘೋಷಿಸಬಹುದು. ಆ ಪಟ್ಟಿಯಿಂದ ಹೆಸರು ಹೋದ ಮೇಲೂ ಒಂದು ವರ್ಷ ಸಾಲವಿಲ್ಲ, ಹೊಸ ಉದ್ಯಮಕ್ಕೆ ಐದು ವರ್ಷ ಸಾಲವಿಲ್ಲ ಎನ್ನುತ್ತದೆ ಆರ್‌ಬಿಐನ 2024ರ ನಿರ್ದೇಶನ.

ಕರ್ನಾಟಕದಲ್ಲಿ ಕಾನೂನೇ ಸಾಲ ರದ್ದು ಮಾಡಿದ ಸಂದರ್ಭಗಳೂ ಇವೆ. ಸಣ್ಣ ರೈತರು, ಭೂರಹಿತ ಕೂಲಿಗಳು, ದುರ್ಬಲ ವರ್ಗದವರು ಖಾಸಗಿ ಲೇವಾದೇವಿಗಾರರಲ್ಲಿ ಮಾಡಿದ ಸಾಲಕ್ಕೆ 2018ರ ಋಣ ಪರಿಹಾರ ಕಾಯ್ದೆ ಬಂತು. ಕಿರು ಸಾಲ ವಸೂಲಿಯ ಕಿರುಕುಳದಿಂದ ಆತ್ಮಹತ್ಯೆಗಳು ಸುದ್ದಿಯಾದ ಮೇಲೆ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ನೋಂದಣಿಯಿಲ್ಲದವರು ದುರ್ಬಲರಿಗೆ ಕೊಟ್ಟ ಸಾಲ ತೀರಿದೆ ಎಂದೇ ಅದು ಪರಿಗಣಿಸಿತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಎಂದಿತು. ಜೀವ ಉಳಿಸುವ ಮಟ್ಟಿಗೆ ಇವು ದೊಡ್ಡವು. ಪತ್ತಿನ ಮಟ್ಟಿಗೆ ಇವುಗಳ ಪರಿಣಾಮ ಸೊನ್ನೆ, ಏಕೆಂದರೆ ಅಂಥ ಸಾಲಗಳು ಕ್ರೆಡಿಟ್ ವರದಿಗೆ ಬಂದೇ ಇರುವುದಿಲ್ಲ. ಆರ್‌ಬಿಐನಲ್ಲಿ ನೋಂದಾಯಿಸಿದ ಮೈಕ್ರೋಫೈನಾನ್ಸ್ ಸಂಸ್ಥೆಗಳ ಸಾಲ ವರದಿಗೆ ಬರುತ್ತದೆ, ಅದಕ್ಕೆ ಈ ರದ್ದತಿ ಅನ್ವಯಿಸುವುದಿಲ್ಲ.

ಮತ್ತೆ ಕಟ್ಟುವ ಕೆಲಸ

ಪತ್ತು ಕಟ್ಟುವ ಕೆಲಸ ಶುರುವಾಗುವುದು ನಾಲ್ಕೂ ಸಂಸ್ಥೆಗಳ ವರದಿ ತೆಗೆಸುವುದರಿಂದ. ವರ್ಷಕ್ಕೊಂದು ಪೂರ್ಣ ವರದಿಯನ್ನು ಪ್ರತಿ ಸಂಸ್ಥೆಯೂ ಉಚಿತವಾಗಿ ಕೊಡಬೇಕು. 2017ರಿಂದ ಇದು ಜಾರಿಯಲ್ಲಿದೆ. ಅದರಲ್ಲಿ ಮೊದಲು ಹುಡುಕಬೇಕಾದದ್ದು ಸ್ಕೋರ್ ಅಲ್ಲ, ತೆರೆದೇ ಇರುವ ಹಳೆಯ ಖಾತೆಗಳು. ಮರೆತ ಕಾರ್ಡಿನ ವಾರ್ಷಿಕ ಶುಲ್ಕ, ಆ್ಯಪ್‌ನಲ್ಲಿ ಪಡೆದ ಐದು ಸಾವಿರ, ಮಗನ ವಿದ್ಯಾಭ್ಯಾಸದ ಸಾಲಕ್ಕೆ ಸಹ-ಸಾಲಗಾರನಾಗಿ ಹಾಕಿದ ಸಹಿ ಎಲ್ಲ ಅಲ್ಲಿರುತ್ತವೆ. ಸ್ನೇಹಿತನಿಗೆ ಜಾಮೀನು ನಿಂತದ್ದೂ ಜಾಮೀನುದಾರನ ವರದಿಯಲ್ಲೇ ಪ್ರತ್ಯೇಕ ಖಾತೆಯಾಗಿ ಕಾಣುತ್ತದೆ. ಸಾಲದ ಹಣದ ಮುಖವನ್ನೇ ನೋಡದವರ ಪತ್ತು ಕೆಟ್ಟಿರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಚಿಕ್ಕ ಬಾಕಿಗಳನ್ನು ಪೂರ್ತಿ ಕಟ್ಟಿ ಮುಚ್ಚುವುದು, ದೊಡ್ಡದಕ್ಕೆ ಮಾತ್ರ ರಾಜಿ ಕೇಳುವುದು ಸಾಮಾನ್ಯವಾಗಿ ಒಳ್ಳೆಯ ಕ್ರಮ. ರಾಜಿಯಾದರೆ ಒಪ್ಪಂದದ ಪತ್ರ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಬರಬೇಕು, ಹಣ ಸಾಲದ ಖಾತೆಗೇ ಹೋಗಬೇಕು, ಕಟ್ಟಿದ ಮೇಲೆ ನೋ ಡ್ಯೂ ಪತ್ರ ಕೈಯಲ್ಲಿರಬೇಕು. ಏಜೆಂಟನ ವಾಟ್ಸ್‌ಆ್ಯಪ್ ಸಂದೇಶ ಯಾವುದಕ್ಕೂ ಆಧಾರವಾಗುವುದಿಲ್ಲ.

ಹಳೆಯದು ಮುಚ್ಚಿದರೆ ಕೆಟ್ಟದ್ದು ಬೆಳೆಯುವುದು ನಿಲ್ಲುತ್ತದೆ. ಒಳ್ಳೆಯದು ಬೆಳೆಯಲು ಹೊಸ ಖಾತೆ ಬೇಕು. ಅಮೆರಿಕದಲ್ಲಿ ದಿವಾಳಿಯಿಂದ ಹೊರಬಂದವರು ಠೇವಣಿ ಇಟ್ಟು ಪಡೆಯುವ ಕಾರ್ಡಿನಿಂದ ಆರಂಭಿಸುತ್ತಾರೆ. ಇಲ್ಲಿಯೂ ನಿಶ್ಚಿತ ಠೇವಣಿಯ ಮೇಲೆ ಕಾರ್ಡ್ ಕೊಡುವ ಬ್ಯಾಂಕುಗಳಿವೆ. ಬ್ಯಾಂಕಿನ ಹಣಕ್ಕೆ ಅಪಾಯವಿಲ್ಲದ ಕಾರಣ ಸ್ಕೋರ್ ಕಡಿಮೆಯಿದ್ದರೂ ಅದು ಸಿಗುತ್ತದೆ. ಮಿತಿಯ ಮೂರನೇ ಒಂದು ಭಾಗ ಮೀರದಂತೆ ಬಳಸಿ, ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟಿದರೆ ಸೊನ್ನೆ ದಿನ ಬಾಕಿಯ ಚೌಕಗಳು ಒಂದೊಂದಾಗಿ ಸೇರುತ್ತವೆ. ಮನೆಯಲ್ಲಿರುವ ಒಡವೆಯ ಮೇಲೆ ಬ್ಯಾಂಕಿನಲ್ಲಿ ಸಣ್ಣ ಚಿನ್ನದ ಸಾಲ ತೆಗೆದು ಗಡುವಿನೊಳಗೆ ಬಿಡಿಸಿಕೊಂಡರೂ ಅದು ವರದಿಯಾಗುತ್ತದೆ. ಒಂದೇ ವಾರದಲ್ಲಿ ಆರು ಕಡೆ ಸಾಲದ ಅರ್ಜಿ ಹಾಕುವುದು ಮಾತ್ರ ಕೆಟ್ಟ ಉಪಾಯ. ಪ್ರತಿ ಬ್ಯಾಂಕಿನ ವಿಚಾರಣೆಯೂ ದಾಖಲಾಗಿ, ಹಣಕ್ಕಾಗಿ ಪರದಾಡುತ್ತಿದ್ದಾರೆ ಎಂಬ ಸೂಚನೆ ಹೋಗುತ್ತದೆ.

ಪತ್ತಿನ ಬೆಲೆ ಈಗ ಸಾಲಕ್ಕಷ್ಟೇ ಸೀಮಿತವಾಗಿಲ್ಲ. ಸಾರ್ವಜನಿಕ ವಲಯದ ಬ್ಯಾಂಕ್ ಹುದ್ದೆಗಳಿಗೆ ಆಯ್ಕೆಯಾದವರು ಸೇರುವ ಹೊತ್ತಿಗೆ ಕ್ರೆಡಿಟ್ ದಾಖಲೆ ಸರಿಯಾಗಿರಬೇಕು ಎಂಬ ಷರತ್ತು, ಆ ನೇಮಕಾತಿ ನಡೆಸುವ ಐಬಿಪಿಎಸ್ ಸಂಸ್ಥೆಯ ಅಧಿಸೂಚನೆಗಳಲ್ಲಿ ಬಂದಿದೆ. ವಿದ್ಯಾಭ್ಯಾಸದ ಸಾಲ ಬಾಕಿ ಉಳಿಸಿಕೊಂಡ ಪದವೀಧರನಿಗೆ ಇದು ವಿಚಿತ್ರ ಸುಳಿ: ಕೆಲಸ ಸಿಕ್ಕರೆ ಸಾಲ ತೀರಿಸಬಹುದು, ಸಾಲ ತೀರಿದರೆ ಕೆಲಸ ಸಿಗಬಹುದು.

‘ಸಿಬಿಲ್ ಕ್ಲಿಯರ್ ಮಾಡಿಕೊಡುತ್ತೇವೆ’ ಎಂಬ ಫಲಕಗಳು ಬಸ್ ನಿಲ್ದಾಣಗಳಲ್ಲೂ ಮೊಬೈಲಿನಲ್ಲೂ ಧಾರಾಳ. ಇಂಥ ಸೇವೆಗೆ ಮುಂಗಡ ಹಣ ಪಡೆಯುವುದನ್ನು ಅಮೆರಿಕ 1996ರಲ್ಲೇ ಕಾಯ್ದೆಯಿಂದ ನಿಷೇಧಿಸಿತು. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು. ತಪ್ಪು ನಮೂದನ್ನು ಸಾಲಗಾರನೇ ದುಡ್ಡು ಖರ್ಚಿಲ್ಲದೆ ತಿದ್ದಿಸಬಹುದು. ದೂರು ಕೊಟ್ಟ 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಲ್ಲೂ ಆಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಸಂಸ್ಥೆಗಳೂ ಅವರ ವ್ಯಾಪ್ತಿಗೆ ಬಂದಿವೆ. ತೀರಿದ ಸಾಲವನ್ನು ಬಾಕಿ ಎಂದು ತೋರಿಸಿದ್ದರೆ ಅವರು ವಿಚಾರಿಸುತ್ತಾರೆ. ಸರಿಯಾದ ವರದಿಯನ್ನೇ ನೋಡಿ ಬ್ಯಾಂಕು ಸಾಲ ಕೊಡಲು ಒಪ್ಪದಿದ್ದರೆ, ಅದು ಆ ಬ್ಯಾಂಕಿನ ವ್ಯವಹಾರದ ತೀರ್ಮಾನ. ಅದರಲ್ಲಿ ಅವರು ಕೈಹಾಕುವುದಿಲ್ಲ.